ಬುರ್ಗಿಯ ಎಡ ತಿರುವು

...ಇಲ್ಲ ಇಲ್ಲ, ಅದು ಲೆಕ್ಕಕ್ಕಿಲ್ಲ! ಬೆಳಕೇ ಸರಿಯಿರಲಿಲ್ಲ. ಮೋಡ ಅಡ್ಡ ಬಂದ್ರೆ ಹಿಮ ಉಬ್ಬಿದ್ಯೋ ತಗ್ಗಿದ್ಯೋ ಯಾರಿಗೆ ಕಾಣುತ್ತೆ? ಏನು ಹಾಗೆ ನೋಡ್ತೀಯ, ಕಾಸಿಯಾನ್? ನಿನ್ನ ಹೆಂಡತಿ ಇವತ್ತು ಬಿದ್ದದ್ದು ಮೂರೇ ಸಲ. ಸರಿ, ನಾಲ್ಕು. ಆ ಕೊನೇದು ಬಿದ್ದದ್ದಲ್ಲ, ಕೂತದ್ದು!

ನಗು, ನಗು. ಒಂಬತ್ತು ತಿಂಗಳಾದ ಮೇಲೆ ಸ್ಕೀ ಕಟ್ಟಿದ್ದೀನಿ ಮಾರಾಯ, ಮಂಡಿ ಆಪರೇಷನ್ ಆದವಳು. ಮೊದಲನೇ ದಿನವೇ ಬೆಣ್ಣೇಲಿ ಕೂದಲು ತೆಗೆದ ಹಾಗೆ ಇಳೀಬೇಕಾ? ಆದ್ರೆ ಸೋಮವಾರ ಸ್ಕೀ ಶಾಲೆ ಶುರು. ಹನ್ನೆರಡು ಜನ ಹೊಸಬರು ನನ್ನ ಹಿಂದೆ ಬಾತುಮರಿಗಳ ಹಾಗೆ ಸಾಲಾಗಿ ಬರ್ತಾರೆ. ಅವರ ಮುಂದೆ ಬುರ್ಗಿ ಟೀಚರ್ ಅಂಗಾತ ಬಿದ್ರೆ? ಶಾಲೆಯ ಆ ಚಿಕ್ಕ ಟೀಚರ್ ವ್ರೋನಿ ಕಾಯ್ತಾನೇ ಇದ್ದಾಳೆ, ನನ್ನ ತರಗತಿ ತಾನು ತಗೊಳ್ಳೋಕೆ.

ಬಲಕ್ಕೆ ತಿರುಗೋದು ಚೆನ್ನಾಗಿದೆ ಅಲ್ವಾ? ಹೇಳು! ...ಹ್ಞಾ, ತಲೆ ಆಡಿಸಿದೆಯಲ್ಲ, ಅಷ್ಟು ಸಾಕು. ಎಡಕ್ಕೆ ಮಾತ್ರ... ಬಲಗಾಲಿನ ಮೇಲೆ ಭಾರ ಹಾಕ್ಬೇಕು, ಅದೇ ಆಪರೇಷನ್ ಕಾಲು. ಹಾಕೋ ಹೊತ್ತಿಗೆ ಸೊಂಟ ತಾನಾಗೇ ಹಿಂದಕ್ಕೆ ಹೋಗುತ್ತೆ, ಕುರ್ಚಿ ಹುಡುಕಿದ ಹಾಗೆ! ಇಪ್ಪತ್ತೆಂಟು ವರ್ಷ ನಾನೇ ಕಿರುಚಿದ್ದೀನಿ: "ಮಂಡಿ ಮಡಿಸಿ, ಮುಂದಕ್ಕೆ ಬಾಗಿ, ಹಿಂದೆ ಸರಿದವರನ್ನೇ ಬೆಟ್ಟ ಬೀಳಿಸೋದು!" ಈಗ ನೋಡಿದ್ರೆ...

ಹೆದರಿಕೆ? ನನಗಾ? ತಿರೋಲಿನ ಬೆಟ್ಟದಲ್ಲಿ ಹುಟ್ಟಿದವಳಿಗೆ! ನೀನು ಬಾಯಿ ಬಿಡದಿದ್ರೂ ನಿನ್ನ ಹುಬ್ಬು ಹೇಳುತ್ತೆ. ಹೆದರಿಕೆ ಅಲ್ಲಪ್ಪ, ಕೊಂಡಿ ಮೇಲೆ ನಂಬಿಕೆ ಇಲ್ಲ. ಬೂಟು ಕಚ್ಚಿಕೊಂಡಿರೋ ಈ ಕೊಂಡಿ, ಬಿದ್ದಾಗ ಬಿಟ್ಟುಕೊಡಬೇಕು. ಬಿಡದಿದ್ರೆ ಕಾಲು ತಿರುಚಿ ಹೋಗುತ್ತೆ. ಊರಿನ ಸ್ಕೀಗಳನ್ನೆಲ್ಲ ರಿಪೇರಿ ಮಾಡೋನಿಗೆ ನಾನು ಹೇಳಿಕೊಡಬೇಕಾ? ಮಾರ್ಚಿನ ಪಂದ್ಯದಲ್ಲಿ ಬಿದ್ದಾಗ ಬಿಡಲಿಲ್ಲ, ಅಷ್ಟೇ. "ಕಾಸಿಯಾನ್ ಸ್ವಲ್ಪ ಬಿಗಿ ಮಾಡಿದ್ನೇನೋ" ಅಂದೆ, ಒಂದೇ ಸಲ, ಆಸ್ಪತ್ರೆ ಹಾಸಿಗೇಲಿ. ಊರವರು ಹಬ್ಬಿಸಿದ್ರೆ ನಾನೇನು ಮಾಡ್ಲಿ? ಹೋಟೆಲಲ್ಲಿ ಬೀರು ಬಾಟ್ಲಿ ಮುಚ್ಚಳ ಬರದಿದ್ರೂ "ಕಾಸಿಯಾನ್ ಬಿಗಿದಿದ್ದಾನೆ" ಅಂತ ನಗ್ತಾರೆ... ಹೌದು, ವ್ರೋನಿಯ ಅಪ್ಪ ತನ್ನ ಸ್ಕೀನ ರಿಪೇರಿಗೆ ಕೆಳಗಿನೂರಿನ ಅಂಗಡಿಗೆ ಹೊತ್ಕೊಂಡು ಹೋದ. ಕಿಟಕಿಯಿಂದ ನೋಡಿದೆ. ನೀನೂ ನೋಡಿದೆ.

ಯಾಕೆ ಬಗ್ಗಿದೆ? ಹಾಂ, ನೋಡು, ನೋಡು, ಕೊಂಡಿಯ ಬಿಗಿ ಎಷ್ಟರಲ್ಲಿದೆ? ಆರು. ನನಗೆ ಆರೇ ಸರಿ. ಮತ್ತೆ... ಜೇಬಿಂದ ಅದೇನು? ಕೊಂಡಿ ತಿರುಗಿಸೋ ಸ್ಕ್ರೂ ಡ್ರೈವರ್ ನನ್ನ ಕೈಗ್ಯಾಕೆ ಕೊಡ್ತೀಯ? ಇದನ್ನಿಟ್ಕೊಂಡು ನಾನೇನು ಮಾಡ್ಲಿ? ಬೈಯೋದಾದ್ರೆ ಬೈ!

ಕಾಸಿಯಾನ್...

ಅವತ್ತು ಎಂಟರಲ್ಲಿತ್ತು ಅಂತ ನಿನಗೆ ಗೊತ್ತು.

ನನ್ನನ್ನ ಎತ್ತಿಕೊಂಡು ಹೋದ ಮೇಲೆ ಸ್ಕೀ ಮನೆಗೆ ತಂದದ್ದು ನೀನೇ ಅಲ್ವಾ... ಅಯ್ಯೋ. ಒಂಬತ್ತು ತಿಂಗಳು! ನನಗೆ ಸೂಪು ಕುಡಿಸುವಾಗ, ಬಚ್ಚಲಿಗೆ ಹೋಗೋಕೆ ಹೆಗಲು ಕೊಡುವಾಗ... ಒಂದು ಮಾತು ಕೇಳಬಹುದಿತ್ತಲ್ಲ!

ನಾನೇ ತಿರುಗಿಸಿದ್ದು. ಪಂದ್ಯದ ಬೆಳಿಗ್ಗೆ, ನೀನು ಕಾಫಿ ಕುಡಿಯೋಕೆ ಹೋದಾಗ. ಇಪ್ಪತ್ತಾರರ ವ್ರೋನಿನ ಐವತ್ಮೂರರ ನಾನು ಸೋಲಿಸ್ಬೇಕಿತ್ತು! ಜೋರಾಗಿ ಇಳಿಯುವಾಗ ಸ್ಕೀ ಕಳಚದೆ ಇರ್ಲಿ ಅಂತ ಎರಡು ಅಂಕಿ ಬಿಗಿ ಮಾಡಿದೆ. ಬಿದ್ದಾಗ್ಲೂ ಕಳಚಲೇ ಇಲ್ಲ, ಹಾಳಾದ್ದು! ಆಮೇಲೆ ನರ್ಸು "ಹೇಗಾಯ್ತು?" ಅಂತ ಕೇಳಿದ್ಲು. ಬಾಯಿಗೆ ಬಂದದ್ದು ನಿನ್ನ ಹೆಸರು. ನಾಳೆ ಸರಿ ಮಾಡ್ತೀನಿ, ನಾಡಿದ್ದು ಸರಿ ಮಾಡ್ತೀನಿ ಅಂತ...

ನಗ್ತಿದ್ದೀಯೋ ಅಳ್ತಿದ್ದೀಯೋ? ಗಡ್ಡದ ತುಂಬ ಹಿಮ ನಿನಗೆ, ತಿಳಿಯೋದೇ ಇಲ್ಲ. ಭಾನುವಾರ ಚರ್ಚ್ ಮುಗಿದ ಮೇಲೆ ಹೋಟೆಲಲ್ಲಿ ಬೆಂಚು ಹತ್ತಿ ನಿಂತು ಹೇಳ್ತೀನಿ. ವ್ರೋನಿಯ ಅಪ್ಪನ ಎದುರಿಗೇ. ಮೊದಲು ಒಂದು ಲೋಟ ಏರಿಸಿ... ಸರಿ ಸರಿ, ಏರಿಸದೆಯೇ ಹೇಳ್ತೀನಿ!

ತಗೋ, ಇದು ನಿನ್ನ ಜೇಬಲ್ಲೇ ಇರ್ಲಿ. ನೀನು ಮುಂದೆ ಇಳಿದು ಆ ಎಡ ತಿರುವಿನ ಹತ್ರ ನಿಲ್ಲು. ಇನ್ನೂ ಕೆಳಗೆ, ಇನ್ನೂ... ಹ್ಞಾ, ಅಲ್ಲೇ! ಬರ್ತಿದ್ದೀನಿ! ಬಿದ್ರೆ ಬೀಳ್ತೀನಿ ಬಿಡು! ಬಿದ್ರೆ ಕೊಂಡಿ ಬಿಡುತ್ತೆ. ನೀನು ಆರಕ್ಕೆ ಇಟ್ಟದ್ದು ತಾನೇ!