ಇಪ್ಪತ್ತೈದು ಮೀಟರಿಗೆ ಎರಡು ಮೀಟರ್ ಬಾಕಿ

ಮೇಲಿನ ಕಾಲಂನಲ್ಲಿ ಹೆಸರು, ವಿಳಾಸ ಬರೆಸಿರುವ ನಾನು, ವಯಸ್ಸು 52 ವರ್ಷ, ಉದ್ಯೋಗ ಕಾಲೇಜಿನಲ್ಲಿ ತರ್ಕಶಾಸ್ತ್ರದ ಉಪನ್ಯಾಸಕ, ಜೊತೆಗೆ ಹವ್ಯಾಸಿ ಈಜು ಸಂಘದ ಕಾರ್ಯದರ್ಶಿ, ಠಾಣೆಯ ಬರಹಗಾರರ ಮೇಜಿನ ಎದುರು ಕುಳಿತು, ಯಾರ ಒತ್ತಾಯವೂ ಇಲ್ಲದೆ, ಒಂದು ಲೋಟ ಚಹಾ ಕುಡಿದ ಮೇಲೆ ಬರೆಸುವುದು ಏನೆಂದರೆ:

ನಾನು ನೀರು ಕದ್ದಿದ್ದೇನೆ.

ಪ್ರಮಾಣ ಅಂದಾಜು ಒಂದು ಲಕ್ಷ ಐವತ್ತು ಸಾವಿರ ಲೀಟರ್. ಕದ್ದ ಮಾಲು ಎಲ್ಲಿ ಎಂದು ಬರಹಗಾರರು ಕೇಳಿದರು. ಮಾಲಿನಲ್ಲಿ ಬಹುಪಾಲು ಸಂಘದ ಕೊಳದಲ್ಲಿ ಇಳಿಯುತ್ತಾ ಇದೆ, ಒಂದು ಪಾಲು ಪಕ್ಕದ ಪ್ರೆಸ್ಸಿನ ನೆಲಮಾಳಿಗೆಯಲ್ಲಿ ಏರುತ್ತಾ ಇದೆ, ಅರ್ಧ ಲೋಟದಷ್ಟು ನನ್ನ ಸೋದರತ್ತೆಯ ಶ್ವಾಸಕೋಶದಲ್ಲಿದೆ ಎಂದು ಡಾಕ್ಟರು ಹೇಳಿದ್ದಾರೆ.

ಸದರಿ ಸಂಘವನ್ನು 41 ವರ್ಷಗಳ ಹಿಂದೆ ಸದರಿ ಅತ್ತೆಯೇ ಸ್ಥಾಪಿಸಿದರು. ಅವರಿಗೆ ಈಗ 79 ವರ್ಷ, ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರು. ಈ ದಡದಲ್ಲಿ ಪಿಸುಗುಟ್ಟಿದರೆ ಆ ದಡದಲ್ಲಿ ಕೇಳಿಸುವ ದನಿಯಾದ್ದರಿಂದ ಸಂಘದಲ್ಲಿ ಎಲ್ಲರಿಗೂ ಅವರು ‘ಟ್ರಂಕ್ ಕಾಲ್ ಅತ್ತೆ’. ಯಾರ ಮಾತು ಹಿಡಿಸದಿದ್ದರೂ ‘ರಾಂಗ್ ನಂಬರ್’ ಅಂದು ಅಲ್ಲಿಗೇ ಕತ್ತರಿಸುತ್ತಾರೆ. ಮುಚ್ಚಿಹೋದ ನೂಲಿನ ಗಿರಣಿಯ ನೀರಿನ ತೊಟ್ಟಿಯನ್ನು ಅವರು ಬಾಡಿಗೆಗೆ ಹಿಡಿದು, ಪಾಚಿ ಕೆರೆಸಿ, ಕೊಳೆಯಿಂದ ಕೊಳ ಮಾಡಿದರು. ಉದ್ದ 25 ಮೀಟರ್, ಅಗಲ 10 ಮೀಟರ್, ಆಳ ಒಂದು ತುದಿಯಲ್ಲಿ ಮೂರು ಅಡಿ, ಇನ್ನೊಂದು ತುದಿಯಲ್ಲಿ ಎಂಟು ಅಡಿ. ಸ್ಥಾಪಕ ಸದಸ್ಯರು ಹನ್ನೊಂದು ಜನ. ಅವರಲ್ಲಿ ಈಜು ಬರುತ್ತಿದ್ದವರು ಅತ್ತೆ ಒಬ್ಬರೇ. ಉಳಿದ ಹತ್ತು ಜನ ಮೊದಲನೆಯ ವರ್ಷ ಗೋಡೆ ಹಿಡಿದುಕೊಂಡೇ ಸಂಘವನ್ನು ಮುನ್ನಡೆಸಿದರು.

ಕೊಳ ಮೊದಲ ದಿನದಿಂದಲೂ ಸೋರುತ್ತಿತ್ತು. ಮಹಾಸಭೆಯ ನಡಾವಳಿ ಪುಸ್ತಕದಲ್ಲಿ ಪ್ರತಿ ವರ್ಷದ ಮೊದಲ ವಿಷಯ ಸೋರಿಕೆ, ಕೊನೆಯ ವಿಷಯ ಚಹಾ. ಆದರೂ ಒಂದು ಕಾಲಕ್ಕೆ ನೂರ ನಲವತ್ತು ಸದಸ್ಯರಿದ್ದರು. ಅಂಚೆಯವರು, ದರ್ಜಿಗಳು, ಬ್ಯಾಂಕಿನ ಕ್ಯಾಷಿಯರು, ಎಲ್ಲರನ್ನೂ ಅತ್ತೆ ಕಿವಿ ಹಿಡಿದು ನೀರಿಗಿಳಿಸಿ, ನೀರಿಳಿಸಿ, ಈಜು ಕಲಿಸಿದರು. ಅಂತರ ಸಂಘ ರಿಲೇಯಲ್ಲಿ ನಮಗೆ ಒಮ್ಮೆ ಮೂರನೆಯ ಸ್ಥಾನ ಬಂದಿದೆ. ಎಷ್ಟು ತಂಡಗಳಿದ್ದವು ಎಂದು ಬರಹಗಾರರು ಕೇಳಿದ್ದಕ್ಕೆ, ಮೂರು.

ಸಂಘದ ಗೋಡೆಯ ಮೇಲಿನ ಮರದ ಫಲಕದಲ್ಲಿ ನನ್ನ ಹೆಸರೂ ಇದೆ ಎಂಬುದನ್ನು ವಿನಯಪೂರ್ವಕ ದಾಖಲಿಸುತ್ತೇನೆ. 24 ವರ್ಷಗಳ ಹಿಂದೆ ವಾರ್ಷಿಕ ಸ್ಪರ್ಧೆಯ ದಿನ ಎಂಟು ಅಡಿಯ ತುದಿಯಲ್ಲಿ ಅತ್ತೆಗೆ ಕಾಲು ಸೆಳೆತ ಬಂದಾಗ, ಬಟ್ಟೆ ಸಮೇತ ನೀರಿಗೆ ಹಾರಿದ್ದಕ್ಕಾಗಿ ಸಂಘದ ಏಕೈಕ ಜೀವರಕ್ಷಣಾ ಪದಕ ನನಗೆ ಸಂದಿದೆ.

ಆರು ವರ್ಷಗಳ ಹಿಂದೆ ಸೋರಿಕೆಯ ಕಾರಣಕ್ಕೆ ನಗರಸಭೆಯವರು ನಮ್ಮ ನೀರಿನ ಸಂಪರ್ಕ ಕತ್ತರಿಸಿದರು. ಅಂದಿನಿಂದ ಸದಸ್ಯರು ಭಾನುವಾರ ಬೆಳಿಗ್ಗೆ ಬಂದು, ಬರಿದಾದ ಕೊಳದ ಸುತ್ತ ಬೆಂಚುಗಳ ಮೇಲೆ ಬೋರಲಾಗಿ ಮಲಗಿ ಕೈಕಾಲು ಬಡಿದು ಹೋಗುತ್ತಿದ್ದರು. ಅತ್ತೆ ಅದನ್ನೂ ಬಿಡದೆ, ಮೊಣಕಾಲು ಮಡಿಸಬೇಡಿ ಎಂದು ಬೈಯುತ್ತಿದ್ದರು. ಬರಬರುತ್ತಾ ಆಜೀವ ಸದಸ್ಯರೆಲ್ಲ ಜಾರಿಕೊಂಡು ಅತ್ತೆ ಮತ್ತು ಈ ಜೀವ ಮಾತ್ರ ಉಳಿದೆವು. (ಇಲ್ಲಿ ಬರಹಗಾರರು ತಮಾಷೆ ಬೇಡ ಎಂದರು. ಇದು ತಮಾಷೆಯಲ್ಲ, ಹಾಜರಿ.)

ಕಳೆದ ಗುರುವಾರ ಬೆಳಿಗ್ಗೆ 10-00 ಗಂಟೆಗೆ ಗೇಟಿಗೆ ನೋಟಿಸು ಅಂಟಿಸಿದ್ದರು. ಸೋಮವಾರ ಬೆಳಿಗ್ಗೆ 9-00ಕ್ಕೆ ಮಣ್ಣಿನ ಲಾರಿಗಳು ಬಂದು ಕೊಳವನ್ನು ತುಂಬಿಸುವುವು, ಅಲ್ಲಿ ವಾಹನ ನಿಲುಗಡೆ ಆಗುವುದು ಎಂದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ, ಮುಚ್ಚಿಕೊಳ್ಳಲಿ, ಆದರೆ ಅದಕ್ಕೆ ಮುಂಚೆ ನನಗೆ ಒಂದೇ ಒಂದು ಉದ್ದ ಬೇಕು ಕಣೋ, ಇಪ್ಪತ್ತೈದು ಮೀಟರ್, ಅಷ್ಟೇ ಎಂದರು. ನಾನು ನಗರಸಭೆಗೆ ಮೂರು ಸಲ ಹೋದೆ. ಕೆಳಗಿನವರು ಕಡತ ಮೇಲೆ ಹೋಗಿದೆ ಎಂದರು, ಮೇಲಿನವರು ಕೆಳಗೆ ಬಂದಿದೆ ಎಂದರು. ಊರಿನಲ್ಲಿ ಈಜುತ್ತಿದ್ದದ್ದು ಅದೊಂದೇ. ಶನಿವಾರ ಸಂಜೆ ಅತ್ತೆಗೆ ಆಗಲಿಲ್ಲ ಎಂದು ಹೇಳಿದೆ. ಅವರು ರಾಂಗ್ ನಂಬರ್ ಎಂದು ಸಹ ಅನ್ನಲಿಲ್ಲ.

ಈ ದಿನ ಭಾನುವಾರ ಬೆಳಿಗ್ಗೆ 6-05ಕ್ಕೆ ಗೇಟಿನೊಳಗಿನ ಗುಂಡಿಯಲ್ಲಿ ನಗರಸಭೆಯವರು ಅಂದು ಬಿಗಿದು ಹೋಗಿದ್ದ ಹಳೆಯ ವಾಲ್ವನ್ನು ಪೈಪ್ ರೆಂಚಿನಿಂದ ನಾನೇ ತಿರುಗಿಸಿದೆ. 6-30ಕ್ಕೆ ಅತ್ತೆ ಈಜುಡುಗೆಯ ಮೇಲೆ ಸ್ವೆಟರು ಹಾಕಿಕೊಂಡು ಬಂದು, ದಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತರು. ಕಾಲೇಜಿನ ಮರದ ಸ್ಕೇಲಿನಿಂದ ಆಳದ ತುದಿಯಲ್ಲಿ ಅಳೆದಂತೆ 9-00ಕ್ಕೆ ಎರಡು ಅಡಿ ಮೂರು ಅಂಗುಲ, 12-00ಕ್ಕೆ ಮೂರು ಅಡಿ ಎರಡು ಅಂಗುಲ, 3-00ಕ್ಕೆ ಮೂರು ಅಡಿ ಹತ್ತು ಅಂಗುಲ ನೀರಿತ್ತು. ನೀರು ಬರ್ತಾ ಇದೆಯೋ, ಇಲ್ಲ ನಿನ್ನ ಪಾಠದ ಹಾಗೆ ಬರೀ ಸದ್ದೋ ಎಂದು ಅತ್ತೆ ಗಂಟೆಗೊಮ್ಮೆ ವಿಚಾರಿಸಿದರು. 4-15ಕ್ಕೆ ನಾಲ್ಕು ಅಡಿ ಒಂದು ಅಂಗುಲಕ್ಕೆ ನೀರು ನಿಂತುಬಿಟ್ಟಿತು. ಬಂದಷ್ಟೂ ಸೋರುತ್ತಿತ್ತು. ನೆಲ ಇಳಿಜಾರಾಗಿರುವುದರಿಂದ ನೀರು ಹರಡಿದ್ದು 20 ಮೀಟರ್ ಮಾತ್ರ, ಮೇಲಿನ ಐದು ಮೀಟರ್ ನೆಲ ಒಣಗಿಯೇ ಇತ್ತು.

ಇದನ್ನು ತಿಳಿಸಿದಾಗ ಅತ್ತೆ, ಹಾಗಾದರೆ ಆ ಐದು ಮೀಟರ್ ಹಲ್ಲಿಯ ಥರ ತೆವಳಲೇನೋ ಎಂದರು. ನಂತರ ಅವರೇ ಲೆಕ್ಕ ಹಾಕಿ, ಇಪ್ಪತ್ತು ಈಜಿ ಗೋಡೆ ಮುಟ್ಟುವುದು, ತಿರುಗಿ ಐದು ಬರುವುದು, ಒಟ್ಟು ಇಪ್ಪತ್ತೈದು, ಏನಂತೀರಿ ತರ್ಕಶಾಸ್ತ್ರಿಗಳೇ ಎಂದು ಕೇಳಿದರು. ತರ್ಕದಲ್ಲಿ ದೋಷವಿರಲಿಲ್ಲ. 4-22ಕ್ಕೆ ಮೊಣಕೈ ಹಿಡಿದು ಅವರನ್ನು ನೀರಿನ ಅಂಚಿನ ತನಕ ಕರೆದೊಯ್ದೆ. ಇಲ್ಲಿಂದ ಮುಂದೆ ನಂದು, ನೀನು ಆ ತುದಿಗೆ ಹೋಗು, ಗೋಡೆ ಮುಟ್ಟಿದ್ದಕ್ಕೆ ಸಾಕ್ಷಿ ಬೇಕು ಎಂದರು. ನಾನು ಮೇಲೆ ಹತ್ತಿ, ಆಳದ ತುದಿಯ ಕಬ್ಬಿಣದ ಏಣಿಯ ಹತ್ತಿರ ನಿಂತೆ.

4-25ಕ್ಕೆ ಅವರು ಈಜತೊಡಗಿದರು. ಅವರ ಕೈಯ ಸದ್ದು ನಾಲ್ಕು ಗೋಡೆಗೂ ಬಡಿದು ಬರುತ್ತಿದ್ದರಿಂದ ನಾಲ್ಕೈದು ಜನ ಈಜುತ್ತಿರುವಂತೆ ಕೇಳಿಸಿತು. ಒಂದು ನಿಮಿಷ ಐವತ್ತು ಸೆಕೆಂಡಿಗೆ ಗೋಡೆ ಮುಟ್ಟಿದರು. ತಲೆಯೆತ್ತಿ, ಸೆಕ್ರೆಟರಿ, ಬರ್ಕೋ ಎಂದರು. ಬರೆದುಕೊಂಡೆ. ಅವರು ನಗುತ್ತಿದ್ದರು. ತಿರುಗಿದರು. ಮೂರು ಮೀಟರ್ ಹೋಗಿ ನಿಂತರು.

ಲೋ, ಕಾಲು ಹಿಡ್ಕೊಂತು ಎಂದರು. ಬಹಳ ಮೆಲ್ಲಗೆ ಹೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಈ ಮೊದಲು ಕೇಳಿರಲಿಲ್ಲ.

ಅಲ್ಲಿ ನೀರು ಮೂರೂವರೆ ಅಡಿ. ನೆಲದ ಪಾಚಿ ನೆನೆದು ಜಾರುತ್ತಿದ್ದರಿಂದ ಅವರಿಗೆ ಒಂದೇ ಕಾಲಿನ ಮೇಲೆ ನಿಲ್ಲಲಾಗಲಿಲ್ಲ. ತಲೆ ಮುಳುಗಿತು, ಬಂತು, ಮತ್ತೆ ಮುಳುಗಿತು. ನಾನು ಗೋಡೆಯಲ್ಲಿ ತೂಗುಹಾಕಿದ್ದ ಜೀವರಕ್ಷಕ ಟ್ಯೂಬನ್ನು ಹಗ್ಗ ಹಿಡಿದು ಎಸೆದೆ. ಆರು ವರ್ಷ ಬಿಸಿಲಿಗೆ ಒಣಗಿದ್ದ ಹಗ್ಗ ತುಂಡಾಗಿ ನನ್ನ ಕೈಯಲ್ಲೇ ಉಳಿಯಿತು, ಟ್ಯೂಬು ಅವರಿಂದ ಒಂದೂವರೆ ಮೀಟರ್ ಆಚೆ ಬಿತ್ತು. ಅತ್ತೆ, ಹಿಡ್ಕೊಳ್ಳಿ ಎಂದು ಕೂಗಿದೆ. ಎಷ್ಟು ಸಲ ಎಂದು ಎಣಿಸಿಲ್ಲ. ಏಣಿಯಲ್ಲಿ ಇಳಿದೆ.

4-29ಕ್ಕೆ ಪಕ್ಕದ ಪ್ರೆಸ್ಸಿನ ಮಾಲೀಕರು ಗೇಟು ತಳ್ಳಿಕೊಂಡು ಬಂದರು. ಅವರ ನೆಲಮಾಳಿಗೆಗೆ ನಮ್ಮ ನೀರು ನುಗ್ಗಿ ನಲವತ್ತು ಕಟ್ಟು ಖಾಲಿ ಉತ್ತರ ಪತ್ರಿಕೆಗಳು ನೆನೆದಿದ್ದವು. ಪ್ರಶ್ನೆಪತ್ರಿಕೆ ಸೋರಿಕೆಯಾದದ್ದನ್ನು ಎಲ್ಲರೂ ಕೇಳಿದ್ದೇವೆ, ಸೋರಿಕೆಗೆ ಉತ್ತರ ಪತ್ರಿಕೆ ಸಿಕ್ಕಿದ್ದು ಇದೇ ಮೊದಲು. ಏನ್ರೀ ಸೆಕ್ರೆಟರಿ, ನಾಚಿಕೆ ಅನ್ನೋದು ಎಂದು ಶುರುಮಾಡಿದವರು ಆ ವಾಕ್ಯವನ್ನು ಮುಗಿಸಲಿಲ್ಲ. ಬೂಟು, ಜೇಬಿನ ಮೊಬೈಲು, ಎಲ್ಲದರ ಸಮೇತ ಮೇಲಿನ ತುದಿಯಿಂದ ನೀರೊಳಗೆ ನಡೆದುಕೊಂಡೇ ಹೋಗಿ ಅತ್ತೆಯನ್ನು ಎತ್ತಿದರು. ದಡದಲ್ಲಿ ಮಲಗಿಸಿದ ಮೇಲೆ ಬೂಟು ಕಳಚಿ ನೀರು ಸುರಿದರು. ನನಗೆ ಈಜು ಬರೋದಿಲ್ಲ ಕಣ್ರೀ ಎಂದು ನನಗೆ ಹೇಳಿದರು.

4-50ಕ್ಕೆ ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲೆ ಅತ್ತೆ ಕೆಮ್ಮುತ್ತಾ, ಎಷ್ಟಾಯ್ತೋ ಎಂದು ಕೇಳಿದರು. ಇಪ್ಪತ್ತೈದು ಅತ್ತೆ ಎಂದೆ. ರಾಂಗ್ ನಂಬರ್, ಇಪ್ಪತ್ಮೂರು, ಇನ್ನೆರಡು ಬಾಕಿ ಇದೆ, ವಾಲ್ವ್ ಮುಚ್ಚಬೇಡ ಎಂದರು. ಆಂಬುಲೆನ್ಸಿನ ಹಿಂದೆಯೇ ಎಎಸ್ಐ ಸಾಹೇಬರ ಜೊತೆ ಬಂದ ಪೇದೆಯವರು 5-05ಕ್ಕೆ ವಾಲ್ವ್ ಮುಚ್ಚಿದರು. ನಾನು ಬೇಡ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. 5-55ಕ್ಕೆ ಠಾಣೆಗೆ ಹೊರಡುವ ಮೊದಲು ಅಳೆದಾಗ ನೀರು ಎರಡೂವರೆ ಅಂಗುಲ ಇಳಿದಿತ್ತು. ಅತ್ತೆಯನ್ನು ಮೂರು ದಿನ ಬಿಡುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ತಿಳಿಸಿದ್ದಾರೆ. ಲಾರಿಗಳು ಬೆಳಿಗ್ಗೆ ಬರುತ್ತವೆ. ಇದರಲ್ಲಿ ಠಾಣೆಯವರು ಮಾಡಬಹುದಾದದ್ದು ಏನಾದರೂ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು.

ಸ್ಥಳದಲ್ಲಿ ಎಎಸ್ಐ ಸಾಹೇಬರು ವಿಚಾರಿಸಿದಾಗ, ನಾನೂ ನೀರಿಗಿಳಿದು ಇಬ್ಬರೂ ಸೇರಿ ಎತ್ತಿದೆವು ಎಂದು ನಾನು ಹೇಳಿದ್ದು ನಿಜ. ಸಾಹೇಬರು ನನ್ನ ಪ್ಯಾಂಟು ನೋಡಿ, ಇಸ್ತ್ರಿ ಚೆನ್ನಾಗಿ ನಿಂತಿದೆ ಎಂದರು. ಆ ಮಾತನ್ನು ಈ ಮೂಲಕ ತಿದ್ದುತ್ತೇನೆ. ನಾನು ಇಳಿದದ್ದು ಏಣಿಯ ಮೂರು ಮೆಟ್ಟಿಲು. ನೀರಿಗೆ ಇನ್ನೂ ಒಂದು ಅಡಿ ಇತ್ತು. ನನ್ನ ಎತ್ತರ ಐದು ಅಡಿ ಏಳು ಅಂಗುಲ, ನೀರು ಹೆಗಲಿನ ತನಕವೂ ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಬೆಳಿಗ್ಗೆಯಿಂದ ಅಳೆದವನೇ ನಾನು. ಕೈ ಏಣಿಯನ್ನು ಬಿಡಲಿಲ್ಲ.

ಹಾಗಾದರೆ ಪದಕ ಹೇಗೆ ಬಂತು ಎಂದು ಬರಹಗಾರರು ಕೇಳಿದ್ದಕ್ಕೆ ಉತ್ತರ: ಆ ದಿನ ನಾನು ಹಾರಿದ್ದಲ್ಲ, ಜಾರಿದ್ದು. ಮೈಕು ಹಿಡಿದು ಫಲಿತಾಂಶ ಓದುತ್ತಾ ಹಿಂದೆ ಸರಿದು ಬಿದ್ದೆ. ಎತ್ತಿದವರು ಅತ್ತೆ. ಪ್ರೇಕ್ಷಕರ ಸಾಲಿನಲ್ಲಿ ಔಷಧದಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಕೂತಿದ್ದಳು. ಮದುವೆಯಾಗುತ್ತೀಯಾ ಎಂದು ನಾನು ಎಂಟು ತಿಂಗಳಿಂದ ಕೇಳುತ್ತಿದ್ದೆ, ಅವಳು ನೋಡೋಣ ಎನ್ನುತ್ತಿದ್ದಳು. ಅತ್ತೆಗೆ ಅದು ಗೊತ್ತಿತ್ತು. ಮೇಲೆ ಬಂದವರೇ, ನನಗೆ ಕಾಲು ಹಿಡ್ಕೊಂತು, ಇವನು ಹಾರದಿದ್ದರೆ ನನ್ನ ಕತೆ ಮುಗೀತಿತ್ತು ಎಂದು ಇಡೀ ಆವರಣಕ್ಕೆ ಕೇಳುವಂತೆ ಹೇಳಿದರು. ಹುಡುಗಿ ಆ ಸಂಜೆಯೇ ಒಪ್ಪಿದಳು. ಸಂಘದ ಇತಿಹಾಸದಲ್ಲಿ ಇದೊಂದು ಮಾತ್ರ ಸುಳ್ಳು. ಉಳಿದದ್ದೆಲ್ಲ ಸೋರಿಕೆ.

ಇಷ್ಟೂ ನನಗೆ ತಿಳಿದಂತೆ ನಿಜವಾಗಿದ್ದು, ನನ್ನ ಬಾಯಿಂದಲೇ ಬರೆಸಿದ್ದೇನೆ. ಸಹಿಗೆ ಮುಂಚೆ ಇದನ್ನು ನನಗೆ ಓದಿ ಹೇಳಬೇಕೆಂಬ ನಿಯಮವಿದೆಯಂತೆ. ದಯವಿಟ್ಟು ಮೆಲ್ಲಗೆ ಓದಬೇಕಾಗಿ ಕೋರುತ್ತೇನೆ. ಅತ್ತೆಯನ್ನು ಮತ್ತೆ ನಾನೇ ಎತ್ತಿದೆ ಎಂದು ಸಂಜೆ ಫೋನಿನಲ್ಲಿ ಮನೆಗೆ ಹೇಳಿಬಿಟ್ಟಿದ್ದೇನೆ. ಹೊರಗಿನ ಬೆಂಚಿನ ಮೇಲೆ ನನ್ನ ಹೆಂಡತಿ, ನನಗೆ ಬದಲಾಯಿಸಲು ಒಂದು ಜೊತೆ ಒಣ ಬಟ್ಟೆ ಹಿಡಿದುಕೊಂಡು ಕೂತಿದ್ದಾಳೆ.

ಸ್ಥಳ: ಠಾಣೆ, ಬಾಗಿಲಿಗೆ ಹತ್ತಿರದ ಮೇಜು
ದಿನ: ಭಾನುವಾರ, ಸಂಜೆ 7-40
ಸಹಿ: (ಮೇಲಿನ ಕಾಲಂನಲ್ಲಿರುವವನದೇ)