ಆರನೇ ಮಹಡಿಯ ಚಿತ್ರ

ಮಗಳ ಹುಟ್ಟುಹಬ್ಬದ ಬ್ಯಾನರಿಗೆಂದು ಹೊಸೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಕಾಯುತ್ತಿದ್ದ ಶಶಿಕಲಾಳ ಕಿವಿಗೆ ಮುಂದಿದ್ದವರ ಮಾತು ಬಿತ್ತು. ಗಂಡನ ಸಾವಿನ ಬ್ಯಾನರ್ ಮಾಡಿಸಲು ಬಂದ ಹೆಂಗಸು, ಜೊತೆಗೆ ಮೈದುನ. ಅವಳ ಕೈಯಲ್ಲಿ ಪೆನ್ಸಿಲ್ ಚಿತ್ರಗಳ ನೋಟ್‌ಬುಕ್ಕು.

"ಆಧಾರ್ ಫೋಟೋನೇ ಹಾಕ್ಸಣ ಅತ್ತಿಗೆ."

"ಅದ್ರಾಗೆ ನಿಮ್ಮಣ್ಣ ನಿಮ್ಮಣ್ಣನಂಗೇ ಇಲ್ಲ. ಅವ್ರೇ ಬರ್ದಿರೋದು ಹಾಕ್ಸಪ್ಪ."

"ಬಣ್ಣ ಹೊಡ್ದಿದ್ ಬಿಲ್ಡಿಂಗ್ನೆಲ್ಲಾ ಬರ್ದವ್ನೆ. ಅವ್ನೆಲ್ಲವ್ನೆ?"

"ಇಲ್ನೋಡು, ಆರನೇ ಫ್ಲೋರಲ್ಲಿ ಬ್ರಷ್ ಹಿಡ್ಕೊಂಡು ನಿಂತವ್ರೆ."

"ಅತ್ತಿಗೆ, ಇದು ಅವ್ನು ಬಿದ್ದ ಬಿಲ್ಡಿಂಗು."

"ಬಿಲ್ಡಿಂಗ್ ಅಳಿಸ್ಬುಡಕ್ಕೇಳು. ಅವ್ರೊಬ್ರೇ ಇರ್ಲಿ."

ಅಂಗಡಿಯವನು ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅಳಿಸುತ್ತಾ ಹೋದ. ಕಿಟಕಿ ಹೋಯಿತು, ಗೋಡೆ ಹೋಯಿತು, ಕಾಲಡಿಯ ಸಾರ್ವೆಯ ಹಲಗೆಯೂ ಹೋಯಿತು. ಬ್ರಷ್ ಹಿಡಿದವನೊಬ್ಬನೇ ಗಾಳಿಯಲ್ಲಿ ಉಳಿದ.

"ನೋಡ್ಬ್ಯಾಡಿ ಅತ್ತಿಗೆ."

ಅವಳು ಆಗಲೇ ನೋಡಿಬಿಟ್ಟಿದ್ದಳು.

"ಆಧಾರ್ದೇ ಹಾಕ್ಸು," ಎಂದವಳೇ ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು.