ಕೆಂಪು ನೀರು ಬಿಟ್ಟವನು ನಾನು

ಹೆಸರು: ಮಾಸಿಲಾಮಣಿ, ತಂದೆ ವೀರಬಾಹು. ವಯಸ್ಸು: 57. ಉದ್ಯೋಗ: ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೊಳೆನೀರು ಶುದ್ಧೀಕರಣದ ಆಪರೇಟರ್. ವಾಸ: ಅದೇ ಕಾರ್ಖಾನೆಯ ಹಿಂಬದಿ ಕೋಣೆ, ತಿರುಪ್ಪೂರು.

ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ, ಹದಿನಾಲ್ಕು ವರ್ಷಗಳಿಂದ ಈ ಕೆಲಸವನ್ನು ಒಬ್ಬನೇ ಮಾಡುತ್ತಿದ್ದೇನೆ. ತೊಟ್ಟಿಯ ಕಬ್ಬಿಣದ ತಗಡುಗಳಿಗೆ ಕರೆಂಟು ಕೊಟ್ಟರೆ ನೀರಿನ ಬಣ್ಣ ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರು ಹಳ್ಳಕ್ಕೆ ಹೋಗುತ್ತದೆ. ನೀರು ತಿಳಿಯಾಗಿರುವಷ್ಟು ದಿನ ನನ್ನತ್ತ ಯಾರೂ ಸುಳಿಯುವುದಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು.

ಹಳ್ಳ ಹರಿಯುವ ದಿಕ್ಕಿನಲ್ಲಿ 300 ಮೀಟರ್ ದೂರದಲ್ಲಿ ವಡಿವಾಂಬಾಳ್ ಎಂಬ ಮಹಿಳೆಯ ಜಮೀನಿತ್ತು. ನೀರಿಗೆ ಚೂರು ಬಣ್ಣ ಬಂದರೂ ಬಾಟಲಿಯಲ್ಲಿ ತುಂಬಿಕೊಂಡು ಬಂದು ಕಿಟಕಿ ಬಡಿಯುತ್ತಿದ್ದರು. "ಏನ್ರೀ ಆಪರೇಟರೇ, ನನ್ ಎಮ್ಮೆಗೆ ಬಣ್ಣದ್ ಸೀರೆ ಉಡಿಸ್ಬೇಕು ಅಂತಿದೀರಾ?" ಎಂದು ಬೈಯುತ್ತಿದ್ದರು. ಬೈದು ಸುಸ್ತಾದ ಮೇಲೆ ಊಟವಾಯಿತೇ ಎಂದು ಕೇಳುತ್ತಿದ್ದರು. ಹಾಗೆ ಕೇಳುವವರು ನನಗೆ ಬೇರೆ ಯಾರೂ ಇರಲಿಲ್ಲ.

ದಿನಾಂಕ 03-01-2023ರಂದು ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಸುಡಲೈಮುತ್ತು ತೊಟ್ಟಿಗೆ ಹೊಸ ತಗಡು ಹಾಕಿದರು. ಕೆಲಸ ಅಚ್ಚುಕಟ್ಟಾಗಿತ್ತು. ಆಮೇಲೆ ಒಂದು ಹನಿ ಬಣ್ಣವೂ ಹೊರಗೆ ಹೋಗಲಿಲ್ಲ. 41 ದಿನ ಆಕೆ ಬರಲಿಲ್ಲ.

ದಿನಾಂಕ 13-02-2023ರ ಬೆಳಿಗ್ಗೆ 10.20ಕ್ಕೆ ತಗಡುಗಳ ಸ್ವಿಚ್ಚನ್ನು ನಾನೇ ಆರಿಸಿದೆ. 25 ನಿಮಿಷ ಕೆಂಪು ನೀರು ಹಾಗೇ ಹರಿಯಿತು. ಮುಖ ತೊಳೆದು, ತಲೆ ಬಾಚಿ, ಕಿಟಕಿಯ ಬಳಿ ಕುಳಿತೆ.

11.10ಕ್ಕೆ ಕಿಟಕಿ ಬಡಿದವರು ರತ್ನವೇಲು ಎಂಬ ಅಪರಿಚಿತರು. ಆಕೆ ಎಲ್ಲಿ ಎಂದು ಕೇಳಿದೆ. "ಆಯಮ್ಮ ಜಮೀನು ನಂಗೆ ಮಾರಿ, ಮಗಳ ಮನೇಗೆ ಕರೂರಿಗೆ ಹೋಗಿ ತಿಂಗಳಾಯ್ತು. ನಿಮ್ಗೆ ಹೇಳ್ಲಿಲ್ವಾ?" ಎಂದರು. ಹೇಳಿ ಹೋಗುವಂಥ ನಂಟೇನೂ ನಮಗಿರಲಿಲ್ಲ.

ರತ್ನವೇಲು ಅವರ ದೂರಿನ ಮೇಲೆ 12.40ಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು ಪೊಲೀಸರೊಂದಿಗೆ ಬಂದರು. ಮ್ಯಾನೇಜರು ತಗಡು ಹಾಕಿದ್ದೇ ಸರಿಯಿಲ್ಲವೆಂದರು. ಪೊಲೀಸರು ಸುಡಲೈಮುತ್ತುವನ್ನು ಠಾಣೆಗೆ ಕರೆತಂದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಇಂದು ಬೆಳಿಗ್ಗೆ 9.05ಕ್ಕೆ ನಾನು ಠಾಣೆಗೆ ಬಂದಾಗ ಸುಡಲೈಮುತ್ತು ಬೆಂಚಿನಿಂದ ಎದ್ದು ನನ್ನ ಕೈ ಹಿಡಿದುಕೊಂಡರು. "ಯಾರೂ ಬರ್ದಿದ್ರೂ ನೀನ್ ಬಂದೇ ಬರ್ತೀಯ ಅಂತ ಇವರಿಗೆ ಹೇಳ್ತಾನೇ ಇದ್ದೆ ಅಣ್ಣಾ" ಎಂದರು. ಇಷ್ಟು ವರ್ಷ ಅವರು ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದುದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ತಪ್ಪು ನನ್ನದು, ಅವರದಲ್ಲ. ನಾನು ಹೇಳಿದಂತೆಯೇ ಬರೆದು ನನಗೆ ಓದಿ ಕೇಳಿಸಿದ್ದಾರೆ; ಇದರಲ್ಲಿ ಸುಳ್ಳಿಲ್ಲ. ಸುಡಲೈಮುತ್ತುವಿಗೆ ಇದನ್ನು ಓದಿ ಹೇಳುವಾಗ ನನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಬೇಕೆಂದು ಕೋರುತ್ತೇನೆ.

ಸ್ಥಳ: ತಿರುಪ್ಪೂರು
ದಿನಾಂಕ: 14-02-2023
(ಸಹಿ) ಮಾಸಿಲಾಮಣಿ